ಅದೇ ಕೋಟು, ಸಾವಿರಾರು ರೀಡಿಂಗು

ಫಾಲ್ಸ್ ಸೀಲಿಂಗ್ ಟೈಲ್ ಇಳಿಸಿ, ಸ್ಪೀಕರ್ ಅಳತೆಗೆ ಗುಂಡಗೆ ಕೊರೆಯೋದನ್ನ ನೋಡಿದ್ದೀರಾ? ಎಷ್ಟೋ ಟೈಲ್‌ಗಳ ಮೈತುಂಬಾ ಸಣ್ಣ ಸಣ್ಣ ತೂತು ಇರುತ್ತೆ. ಅದು ಅಂದಕ್ಕಲ್ಲ, ಸದ್ದು ಹೀರೋಕೆ. ಯಾವ ವಸ್ತು ಎಷ್ಟು ಸದ್ದು ಹೀರುತ್ತೆ ಅನ್ನೋದನ್ನ ಲೆಕ್ಕಕ್ಕೆ ತಂದವರು ವ್ಯಾಲೇಸ್ ಸೇಬಿನ್. ಹೌದು, ನಾವು ಪರೀಕ್ಷೆ ಹಿಂದಿನ ರಾತ್ರಿ ಉರು ಹೊಡೆಯೋ ಸೂತ್ರದ ಸೇಬಿನ್ನೇ.

ಹುಟ್ಟಿದ್ದು 1868ರಲ್ಲಿ, ಅಮೆರಿಕದ ಒಹಾಯೋದಲ್ಲಿ. 18ಕ್ಕೇ ಡಿಗ್ರಿ ಮುಗಿಸಿ ಹಾರ್ವರ್ಡ್ ಸೇರಿದರು, ಅಲ್ಲೇ ಮೇಷ್ಟ್ರಾದರು. ಪಿಎಚ್‌ಡಿ ಮಾಡಲೇ ಇಲ್ಲ.

1895ರಲ್ಲಿ ಹಾರ್ವರ್ಡ್‌ನ ಹೊಸ ಫಾಗ್ ಮ್ಯೂಸಿಯಂನ ಲೆಕ್ಚರ್ ಹಾಲ್ ತಲೆನೋವಾಗಿತ್ತು. ಆಡಿದ ಮಾತು ಸುಮಾರು 5.5 ಸೆಕೆಂಡ್ ಒಳಗೇ ಸುತ್ತುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಇನ್ನೂ ಹತ್ತು ಪದ ಹೇಳಿರ್ತಾರೆ, ಎಲ್ಲಾ ಕಲಸುಮೇಲೋಗರ. ಸ್ಪೀಕರ್ ಹಾಕೋಣ ಅನ್ನೋಕೆ ಆಗ ಆಂಪ್ಲಿಫೈಯರೇ ಇರಲಿಲ್ಲ. ಸರಿಮಾಡೋ ಕೆಲಸ ಸೇಬಿನ್ ತಲೆಗೆ ಬಿತ್ತು.

ಅವರ ಲ್ಯಾಬ್ ಅಂದ್ರೆ ಒಂದು ಆರ್ಗನ್ ಕೊಳವೆ, ಸಮಯ ಅಳೆಯೋ ಯಂತ್ರ, ಮತ್ತೆ ತಮ್ಮದೇ ಕಿವಿ. ರಾತ್ರಿ ಟ್ರಾಮ್ ಸದ್ದು ಅಡಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ಮೆತ್ತೆಗಳನ್ನ ಹೊತ್ತು ತಂದು ಹಾಸೋದು, ಕೊಳವೆ ಊದಿಸಿ ನಿಲ್ಲಿಸೋದು, ಸದ್ದು ಎಷ್ಟು ಹೊತ್ತಿಗೆ ಸಾಯುತ್ತೆ ಅಂತ ಬರೆಯೋದು. ಬೆಳಗಾಗೋದ್ರೊಳಗೆ ಮೆತ್ತೆ ವಾಪಸ್ ಇಡಬೇಕು. ಹೀಗೆ ವರ್ಷಗಟ್ಟಲೆ. ಮಧ್ಯೆ ಒಂದು ಸಲ, ತಾವು ಹಾಕಿದ ಬಟ್ಟೆಯೂ ಸದ್ದು ಹೀರಿ ಅಳತೆ ಕೆಡಿಸ್ತಿದೆ ಅಂತ ಗೊತ್ತಾಯ್ತು. ಸಾವಿರಾರು ರೀಡಿಂಗ್ ಎಸೆದು, ಆಮೇಲೆ ಪ್ರತಿಸಲ ಅದೇ ಬಟ್ಟೆ ತೊಟ್ಟು ಮೊದಲಿಂದ ಶುರು ಮಾಡಿದರು. (ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಮಾಡೋದು ನೆನೆದರೆ ನಾಚಿಕೆಯಾಗುತ್ತೆ.)

ಮೆತ್ತೆ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ತೆರೆದ ಕಿಟಕಿಯನ್ನ ಅಳತೆಗೋಲು ಮಾಡಿಕೊಂಡರು. ಅದರಿಂದ ಆಚೆ ಹೋದ ಸದ್ದು ವಾಪಸ್ ಬರಲ್ಲವಲ್ಲ! 1898ರಲ್ಲಿ ಸೂತ್ರ ಸಿಕ್ಕಿತು: ಹಾಲ್ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತೆ, ಹೀರುವಿಕೆ ಹೆಚ್ಚಿದಷ್ಟೂ ಕಮ್ಮಿ ಹೊತ್ತು.

ಆ ಲೆಕ್ಕದ ಮೇಲೆ ಎದ್ದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಮೊದಮೊದಲು ಕೆಲ ವಿಮರ್ಶಕರು ಮೆಚ್ಚಲಿಲ್ಲ. ಇವತ್ತು ಅದು ಜಗತ್ತಿನ ಅತ್ಯುತ್ತಮ ಸಂಗೀತ ಹಾಲ್‌ಗಳಲ್ಲೊಂದು. ಮುಂದೆ ರಫಾಯೆಲ್ ಗುವಾಸ್ಟವಿನೊ ಜೊತೆ ಸೇರಿ ಸದ್ದು ಹೀರೋ ಟೈಲ್‌ಗಳನ್ನೂ ಮಾಡಿದರು. ನಾವು ಕೊರೆಯೋ ಟೈಲ್‌ಗೆ ಅವು ಒಂಥರಾ ಅಜ್ಜ.

ಮೊದಲ ಮಹಾಯುದ್ಧದಲ್ಲಿ ವಿಮಾನಗಳ ಕೆಲಸಕ್ಕೆ ನಿಂತರು, ಮಾಡಿಸಿಕೊಳ್ಳಬೇಕಿದ್ದ ಆಪರೇಷನ್ ಮುಂದೂಡುತ್ತಲೇ ಹೋದರು. 1919ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು 50. ಫಾಗ್‌ನ ಆ ಲೆಕ್ಚರ್ ಹಾಲನ್ನ 1973ರಲ್ಲಿ ಕೆಡವಿದರು.