ಗಾಂಧೀಜಿ ಚಿಕ್ಕಂದಿನಿಂದಲೂ ಧೈರ್ಯವಂತರೇ? ಶಾಲೆಗೆ ಹೋದ ಒಂದು ಪತ್ರದ ಕಥೆ

ಗಾಂಧೀಜಿಗೆ ಹುಟ್ಟಿನಿಂದಲೇ ಯಾರ ಭಯವೂ ಇರಲಿಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ನಿಜ ಬೇರೆಯೇ ಇದೆ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ, ರಾಜ್‌ಕೋಟ್‌ನಲ್ಲಿ ಓದುವಾಗ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದ. ಯಾರಾದರೂ ಗೇಲಿ ಮಾಡಿಬಿಟ್ಟರೆ ಎಂಬ ಭಯ. ರಾತ್ರಿ ದೀಪವಿಲ್ಲದೆ ಮಲಗಲೂ ಆಗುತ್ತಿರಲಿಲ್ಲ.

ಹೈಸ್ಕೂಲಿನ ಹೆಡ್‌ಮಾಸ್ಟರ್ ಗಿಮಿ ಅವರು ವ್ಯಾಯಾಮ ಕಡ್ಡಾಯ ಮಾಡಿದರು. ನಾಚಿಕೆಯ ಹುಡುಗನಿಗೆ ಅದು ಬೇಡ; ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲು ಮನೆಗೂ ಹೋಗಬೇಕು. ತಾನೇ ವಿನಾಯಿತಿ ಕೇಳಿದ, ಸಿಗಲಿಲ್ಲ. ಒಂದು ಶನಿವಾರ ಮೋಡ ಕವಿದು, ಹೊತ್ತು ತಿಳಿಯದೆ ವ್ಯಾಯಾಮ ತಪ್ಪಿತು. ನಿಜ ಹೇಳಿದರೂ ನಂಬದೆ ದಂಡ ಹಾಕಿದರು. ಕೊನೆಗೆ ತಂದೆ ಕರಮಚಂದರೇ ಹೆಡ್‌ಮಾಸ್ಟರಿಗೆ ಪತ್ರ ಬರೆದರು. ವಿನಾಯಿತಿ ಸಿಕ್ಕಿತು.

ಗಾಂಧೀಜಿಗೆ ಆತಂಕದ ಕಾಯಿಲೆ ಇತ್ತೆಂದು ನಾವು ಹೇಳುತ್ತಿಲ್ಲ. ಈಗ ಯಾರೂ ಪರೀಕ್ಷಿಸಿ ಹೇಳಲಾರರು. ಆದರೆ ಅಂಥ ಮಗುವಿರುವ ಮನೆಯವರು ಮುಂದಿನದ್ದನ್ನೂ ಗಮನಿಸಬೇಕು. ವಿನಾಯಿತಿ ಸಿಕ್ಕಿತು ನಿಜ, ಭಯ ಹೋಗಲಿಲ್ಲ. ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ, ಬರೆದು ತಂದದ್ದನ್ನೂ ಬೇರೆಯವರಿಂದ ಓದಿಸಿದರು. ಮುಂಬೈ ಕೋರ್ಟಿನ ಮೊದಲ ಕೇಸಿನಲ್ಲಿ ಮಾತೇ ಹೊರಡದೆ, 30 ರೂಪಾಯಿ ಫೀಸು ಬಿಟ್ಟುಕೊಟ್ಟು ಹೊರಬಂದರು.

ಹಾಗಾಗಿ ಶಾಲೆಗೆ ಬರೆಯುವಾಗ, ತರಗತಿಯಲ್ಲಿ ಮಾತಾಡುವುದರಿಂದ ಪೂರ್ತಿ ವಿನಾಯಿತಿ ಕೇಳಬೇಡಿ. ಮೊದಲು ಟೀಚರ್ ಒಬ್ಬರ ಮುಂದೆ, ಆಮೇಲೆ ಮೂರ್ನಾಲ್ಕು ಗೆಳೆಯರ ಮುಂದೆ ಓದಿಸಿ ಎಂದು ಕೇಳಿ. ಚಿಕಿತ್ಸೆ ಕೊಡುತ್ತಿರುವವರ ಸಲಹೆಯೂ ಜೊತೆಗಿರಲಿ.

ಗಾಂಧೀಜಿಯ ಮೊದಲ ಸಾರ್ವಜನಿಕ ಭಾಷಣ ನಡೆದದ್ದು 1893ರಲ್ಲಿ, ಪ್ರಿಟೋರಿಯಾದ ಒಬ್ಬರ ಮನೆಯಲ್ಲಿ. ಕೇಳಲು ಬಂದವರು ಅಲ್ಲಿನ ಭಾರತೀಯರು. ವಿಷಯ, ವ್ಯಾಪಾರದಲ್ಲಿ ಸತ್ಯ.