ಗವಾನ್ ಮದರಸಾವನ್ನು ಗಾಜಿನ ಫಲಕದಲ್ಲಿ ಹಿಡಿದ ರಾಜಾ ದೀನ್ ದಯಾಳ್

ಮನ್ನಳ್ಳಿ (ಬೀದರ್ ತಾಲ್ಲೂಕು): ಮನ್ನಳ್ಳಿ, ಭಾಲ್ಕಿ, ಔರಾದ್ ಕಡೆಯಿಂದ ಬೀದರ್ ನಗರಕ್ಕೆ ಬರುವ ಜನರಿಗೆ ಮಹಮೂದ್ ಗವಾನ್ ಮದರಸಾದ ಒಂಟಿ ಮಿನಾರು ಹೊಸ ನೋಟವಲ್ಲ. ಆದರೆ 19ನೇ ಶತಮಾನದ ಕೊನೆಯಲ್ಲಿ, ಇನ್ನೂ ಯಾವ ಪುರಾತತ್ವ ಇಲಾಖೆಯೂ ಅದರ ಪೋಷಣೆಗೆ ಮುಂದಾಗದಿದ್ದ ಕಾಲದಲ್ಲಿ, ಆ ಕಟ್ಟಡ ಹೇಗಿತ್ತು ಎಂದು ಕೇಳಿದರೆ ಉತ್ತರಕ್ಕೆ ಒಬ್ಬ ಛಾಯಾಗ್ರಾಹಕನ ಮೊರೆ ಹೋಗಬೇಕಾಗುತ್ತದೆ. ಅವರೇ ಹೈದರಾಬಾದ್ ನಿಜಾಮರ ಆಸ್ಥಾನದ ರಾಜಾ ದೀನ್ ದಯಾಳ್.

ದಯಾಳ್ ಈ ನಾಡಿನವರಲ್ಲ. 1844ರಲ್ಲಿ ಮೀರತ್ ಸಮೀಪದ ಸರ್ಧಾನಾದಲ್ಲಿ ಜೈನ ಕುಟುಂಬವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಭ್ಯಾಸ ಮಾಡಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಹಾಗೂ ನಕ್ಷೆ ತಯಾರಿಸುವ ನೌಕರಿಗೆ ಸೇರಿದರು. ಗೋಡೆಯ ಎತ್ತರ, ಕಮಾನಿನ ಅಗಲ, ಕಂಬಗಳ ನಡುವಿನ ಅಂತರಗಳನ್ನು ಅಳೆಯುವುದೇ ದಿನನಿತ್ಯದ ಕೆಲಸ. ಮುಂದೆ ಅವರು ತೆಗೆದ ಕಟ್ಟಡಗಳ ಚಿತ್ರಗಳಲ್ಲಿ ಕಾಣುವ ಶಿಸ್ತು ಈ ಕಚೇರಿಯ ಕೊಡುಗೆ ಎಂದರೆ ತಪ್ಪಾಗಲಾರದು.

ಅವರು ಕ್ಯಾಮೆರಾ ಕೈಗೆತ್ತಿಕೊಂಡದ್ದು 1874ರಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ಆರಂಭವಾಯಿತು. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ವಾಡಿಯಲ್ಲಿ ಅದು ಮುಂಬೈ-ರಾಯಚೂರು ಮಾರ್ಗವನ್ನು ಕೂಡಿಕೊಂಡು, ಹೈದರಾಬಾದನ್ನು ದೇಶದ ರೈಲು ಜಾಲಕ್ಕೆ ಸೇರಿಸಿತು. ಮುಂದೆ ಇಂದೋರ್, ಸಿಕಂದರಾಬಾದ್, ಮುಂಬೈಗಳಲ್ಲಿ ಸ್ಟುಡಿಯೊ ಹೊಂದಲಿದ್ದ ವ್ಯಕ್ತಿಗೆ ಈ ಕಬ್ಬಿಣದ ಹಾದಿ ಸಣ್ಣ ಅನುಕೂಲವಲ್ಲ. ಅಂದಿನ ಛಾಯಾಗ್ರಹಣವೆಂದರೆ ಮರದ ದೊಡ್ಡ ಕ್ಯಾಮೆರಾ, ಮುಕ್ಕಾಲಿ ಪೀಠ, ರಾಸಾಯನಿಕಗಳ ಸೀಸೆಗಳು, ಪೆಟ್ಟಿಗೆ ತುಂಬ ಗಾಜಿನ ಫಲಕಗಳು. ಒಂದು ಫಲಕ ಒಡೆದರೆ ಒಂದು ಚಿತ್ರವೇ ಹೋದಂತೆ.

ಆರಂಭದಲ್ಲಿ ಇಂದೋರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್ ಹಾಗೂ ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿ ಅವರಿಗೆ ಬೆಂಬಲವಾಗಿ ನಿಂತರು. 1882ರಲ್ಲಿ ಸರ್ ಲೆಪೆಲ್ ಗ್ರಿಫಿನ್ ಅವರೊಡನೆ ಮಧ್ಯ ಭಾರತದ ಪ್ರವಾಸ ಕೈಗೊಂಡು, ಅಲ್ಲಿನ ಪ್ರಾಚೀನ ಸ್ಮಾರಕಗಳನ್ನು ಸೆರೆಹಿಡಿದರು. ಆ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಇದೇ ದಶಕದಲ್ಲಿ ಸರ್ಕಾರಿ ನೌಕರಿ ತೊರೆದು ಪೂರ್ಣಾವಧಿ ಛಾಯಾಗ್ರಾಹಕರಾದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಶ್ರಯವೂ ದೊರೆಯಿತು. ಭದ್ರವಾದ ಪಗಾರ ಬಿಟ್ಟು, ಅಂದಿಗೆ ಇನ್ನೂ ಹೊಸದಾಗಿದ್ದ ಕಸುಬನ್ನು ನಂಬಿದ್ದು ಧೈರ್ಯದ ಮಾತೇ ಸರಿ.

ಬೀದರ್ ಆಗ ನಿಜಾಮರ ಸಂಸ್ಥಾನದ ಭಾಗ. ಸಂಸ್ಥಾನದ ಪ್ರಮುಖ ಸ್ಥಳಗಳನ್ನು ಚಿತ್ರೀಕರಿಸುವಾಗ ದಯಾಳ್ ಈ ಊರನ್ನು ಬಿಡಲಿಲ್ಲ. ಇಲ್ಲಿಗೆ ರೈಲು ಬಂದದ್ದು ಅವರು ತೀರಿಕೊಂಡ ಮೇಲೆ. ಆದ್ದರಿಂದ ಅಂದು ಬೀದರಿನ ಕೆಲಸವೆಂದರೆ ರೈಲು ನಿಲ್ದಾಣ ಬಿಟ್ಟು ಬಂಡಿ ಹಾದಿ ಹಿಡಿಯಬೇಕಾದ ಕೆಲಸ.

ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಿದ್ಯಾಲಯವದು. ಮುಂಭಾಗದ ಎರಡು ತುದಿಗಳಲ್ಲಿ ಎರಡು ಮಿನಾರುಗಳಿದ್ದವು. ಗೋಡೆಗಳಿಗೆ ನೀಲಿ, ಬಿಳಿ, ಹಳದಿ ಬಣ್ಣದ ಹೆಂಚುಗಳ ಹೊದಿಕೆಯಿತ್ತು. ಔರಂಗಜೇಬನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಒಳಗೆ ದಾಸ್ತಾನಿಟ್ಟಿದ್ದ ಮದ್ದುಗುಂಡು ಸಿಡಿದು ಮುಂಭಾಗದ ಒಂದು ಪಾರ್ಶ್ವವೂ ಒಂದು ಮಿನಾರೂ ನೆಲಸಮವಾದವು. ಸಿಡಿಲು ಬಡಿದದ್ದೇ ಕಾರಣವೆಂಬ ಪ್ರತೀತಿ ಇದೆ. ದಯಾಳ್ ಕ್ಯಾಮೆರಾ ನಿಲ್ಲಿಸಿದ್ದು ಹೀಗೆ ಅರ್ಧ ಮುರಿದು ನಿಂತ ಕಟ್ಟಡದ ಎದುರು.

ಈ ಚಿತ್ರದ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ಗಮನಿಸಬೇಕು. ಹೈದರಾಬಾದ್ ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಸ್ಥಾಪನೆಯಾದದ್ದು 1914ರಲ್ಲಿ. ಅದರ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ ಬೀದರಿನ ಸ್ಮಾರಕಗಳ ಕುರಿತ ತಮ್ಮ ಬೃಹತ್ ಗ್ರಂಥವನ್ನು ಪ್ರಕಟಿಸಿದ್ದು 1947ರಲ್ಲಿ. ಇವೆಲ್ಲಕ್ಕೂ ಮೊದಲಿನ ಸ್ಥಿತಿಗೆ ದಯಾಳರ ಫಲಕ ಕಣ್ಣಾರೆ ಕಂಡ ಸಾಕ್ಷಿ. ದುರಸ್ತಿಗೆ ಮುಂಚಿನ ರೂಪ ಗೊತ್ತಿಲ್ಲದೆ ಮೂಲ ಯಾವುದು, ತೇಪೆ ಯಾವುದು ಎಂದು ಹೇಳುವುದು ಹೇಗೆ? ಆದರೆ ಮದರಸಾದ ಈ ಚಿತ್ರವಿರುವ, 1892ರ ನಿಜಾಮ ಸಂಸ್ಥಾನದ ನೋಟಗಳ ಸಂಪುಟ ವೈಸರಾಯ್ ಕರ್ಜನ್ ಸಂಗ್ರಹದ ಪಾಲಾಗಿ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೀದರಿನ ಹಳೆಯ ಮುಖ ನೋಡಲು ಸಾಗರದಾಚೆ ಕಣ್ಣು ಹಾಯಿಸಬೇಕಾದ ಪರಿಸ್ಥಿತಿ.

ಗೌರವಗಳಿಗೆ ಅವರ ಜೀವನದಲ್ಲಿ ಕೊರತೆಯಾಗಲಿಲ್ಲ. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯೊಳಗಿನ ಸ್ತ್ರೀಯರಿಗಾಗಿಯೇ ಆಂಗ್ಲ ಮಹಿಳೆಯೊಬ್ಬರ ಉಸ್ತುವಾರಿಯಲ್ಲಿ ಜನಾನಾ ಸ್ಟುಡಿಯೊ ತೆರೆದರು. 1894ರಲ್ಲಿ ನಿಜಾಮರು ಮುಸವ್ವಿರ್ ಜಂಗ್ ಬಹಾದ್ದೂರ್ ಎಂಬ ಬಿರುದನ್ನೂ ರಾಜಾ ಪದವಿಯನ್ನೂ ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕರೆಂಬ ಮಾನ್ಯತೆಯೂ ಬಂತು. 1902ರಲ್ಲಿ ವರಂಗಲ್ ಸಮೀಪದ ನೆಕೊಂಡದಲ್ಲಿ ಬೇಟೆಯಾಡಿದ ಹುಲಿಯೊಂದಿಗೆ ಕರ್ಜನ್ ದಂಪತಿ ನಿಂತ ಪ್ರಸಿದ್ಧ ಚಿತ್ರ ಅವರ ಸಂಸ್ಥೆಯದೇ. ಆದರೂ ಅರಮನೆ, ಬೇಟೆ, ಔತಣಗಳ ಆ ಚಿತ್ರಗಳಿಗಿಂತ ಪಾಳುಬಿದ್ದ ಸ್ಮಾರಕಗಳ ಚಿತ್ರಗಳೇ ಇಂದು ಹೆಚ್ಚು ಉಪಯುಕ್ತ.

1905ರ ಜುಲೈನಲ್ಲಿ ದಯಾಳ್ ನಿಧನರಾದರು. ಅವರ ಸ್ಟುಡಿಯೊದ 2857 ಗಾಜಿನ ಫಲಕಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.