ಸ್ಟ್ರೆಸ್ ಕಂಡುಹಿಡಿದವನು ಹುಡುಕ್ತಾ ಇದ್ದದ್ದು ಅಂಡಾಶಯದ ಹಾರ್ಮೋನು

ಹಾನ್ಸ್ ಸೆಲ್ಯೆ ಅನ್ನೋ ಹೆಸರು ಕೇಳಿರದಿದ್ದರೂ ಅವನು ಚಲಾವಣೆಗೆ ತಂದ ಪದವನ್ನು ನಾವು ದಿನಕ್ಕೆ ಹತ್ತು ಸಲ ಬಳಸ್ತೀವಿ. ಡೆಡ್‌ಲೈನ್ ಸ್ಟ್ರೆಸ್ಸು, ಟ್ರಾಫಿಕ್ ಸ್ಟ್ರೆಸ್ಸು, ಇಎಂಐ ಸ್ಟ್ರೆಸ್ಸು.

ಸೆಲ್ಯೆ ಹುಟ್ಟಿದ್ದು 1907ರಲ್ಲಿ, ವಿಯೆನ್ನಾದಲ್ಲಿ. ಅಪ್ಪ ಹಂಗೇರಿಯ ಸೇನಾ ವೈದ್ಯ, ಅಮ್ಮ ಆಸ್ಟ್ರಿಯಾದವಳು. ಪ್ರಾಗ್‌ನಲ್ಲಿ ವೈದ್ಯಕೀಯ ಓದಿ, 1930ರ ದಶಕದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಅವನ ಕೆಲಸ, ದನದ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚಿ ಹೊಸ ಹಾರ್ಮೋನೇನಾದರೂ ಇದೆಯಾ ಅಂತ ನೋಡೋದು. ಇಲಿಗಳನ್ನು ಕೊಯ್ದು ನೋಡಿದರೆ ಅಡ್ರಿನಲ್ ಗ್ರಂಥಿ ಊದಿತ್ತು, ಥೈಮಸ್ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹಾರ್ಮೋನು ಸಿಕ್ಕೇಬಿಡ್ತು ಅಂದುಕೊಂಡ. ಆದರೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಫಲಿತಾಂಶ. ಕೊನೆಗೆ ಬರೀ ಫಾರ್ಮಲಿನ್ ಚುಚ್ಚಿದ. ಆಗಲೂ ಅದೇ!

ಬೇರೆಯವರಾಗಿದ್ದರೆ ನೋಟ್‌ಬುಕ್ ಮುಚ್ಚಿಡುತ್ತಿದ್ದರು. ಸೆಲ್ಯೆ ಪ್ರಶ್ನೆಯನ್ನೇ ತಿರುಗಿಸಿದ: ವಿಷವೋ, ಚಳಿಯೋ, ಮಿತಿಮೀರಿದ ದುಡಿತವೋ, ಪೆಟ್ಟು ಯಾವುದಾದರೂ ದೇಹದ ಉತ್ತರ ಒಂದೇ ಯಾಕಿರಬಾರದು? 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ. ಇವತ್ತಿನ ಸ್ಟ್ರೆಸ್ ವಿಜ್ಞಾನದ ದೊಡ್ಡ ಭಾಗ ಬೆಳೆದದ್ದು ಅಲ್ಲಿಂದ.

ಎಂಜಿನಿಯರಿಂಗ್ ಓದಿದ ನನಗೆ ಈ ಪದದ ಬಗ್ಗೆ ಒಂದು ತಕರಾರಿದೆ. ನಮ್ಮ ಪಠ್ಯದಲ್ಲಿ ಹೊರಗಿನ ಬಲಕ್ಕೆ ಎದುರಾಗಿ ಲೋಹದೊಳಗೆ ಏಳೋದು ಸ್ಟ್ರೆಸ್, ಅದರಿಂದ ಲೋಹ ಹಿಗ್ಗೋದು ಸ್ಟ್ರೇನ್. ತನ್ನ ಇಂಗ್ಲಿಷ್ ಚೆನ್ನಾಗಿದ್ದಿದ್ದರೆ ಸ್ಟ್ರೇನ್ ಅಂತಲೇ ಹೆಸರಿಡುತ್ತಿದ್ದೆ ಎಂದು ಸೆಲ್ಯೆಯೇ ಆಮೇಲೆ ಒಪ್ಪಿಕೊಂಡ. ಪದ ಹೋಗಲಿ ಬಿಡಿ. ಲ್ಯಾಬಿನಲ್ಲಿ ನಾವು ಉಕ್ಕು, ಅಲ್ಯೂಮಿನಿಯಂ ಎರಡಕ್ಕೂ ಬೇರೆ ಬೇರೆ ಗ್ರಾಫ್ ಎಳೀತಿದ್ವಿ. ಎಲ್ಲ ದೇಹಕ್ಕೂ ಒಂದೇ ಗ್ರಾಫ್ ಸಾಕು ಅನ್ನೋ ಭಾವನೆ ಸೆಲ್ಯೆಯ ಸಿದ್ಧಾಂತದ ಜೊತೆಗೇ ಬೆಳೆಯಿತು. ಅಂಡಾಶಯದಿಂದ ಶುರುವಾದ ಕಥೆಯಲ್ಲಿ ಹೆಣ್ಣುದೇಹ ಮೆಲ್ಲಗೆ ಕಾಣೆಯಾಯಿತು.

ವಿಚಿತ್ರ ಅಂದರೆ ಸುಳಿವು ಅವನ ಕೈಯಲ್ಲೇ ಇತ್ತು. 1941ರಲ್ಲಿ ಪ್ರೊಜೆಸ್ಟೆರಾನ್ ಕೊಟ್ಟರೆ ಇಲಿಗಳು ಅರಿವಳಿಕೆ ಹಾಕಿದಂತೆ ಮಲಗಿಬಿಡೋದನ್ನು ಅವನು ವರದಿ ಮಾಡಿದ. ಅಂದರೆ ಅಂಡಾಶಯದ ಹಾರ್ಮೋನು ನೇರವಾಗಿ ಮಿದುಳನ್ನು ತಣಿಸಬಲ್ಲದು. ಪ್ರೊಜೆಸ್ಟೆರಾನ್‌ನಿಂದಲೇ ದೇಹ ತಯಾರಿಸುವ ಒಂದು ಅಣು, ಬಾಣಂತಿಯರ ಖಿನ್ನತೆಗೆ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2019ರಲ್ಲಿ. 78 ವರ್ಷ!

1956ರಲ್ಲಿ ಬಂದ 'ದಿ ಸ್ಟ್ರೆಸ್ ಆಫ್ ಲೈಫ್' ಪುಸ್ತಕ ಅವನನ್ನು ಮನೆಮಾತಾಗಿಸಿತು. ಅದೇ ವರ್ಷ ಹಂಗೇರಿಯ ದಂಗೆಯಲ್ಲಿ ಗುಂಡು ತಗುಲಿ ಅವನ ತಾಯಿ ತೀರಿಕೊಂಡಳು. ನಂತರದ ವರ್ಷಗಳಲ್ಲಿ ತಂಬಾಕು ಕಂಪನಿಗಳ ದುಡ್ಡು ತೆಗೆದುಕೊಂಡು ಅವರಿಗೆ ಬೇಕಾದ ಹಾಗೆ ಮಾತಾಡಿದ್ದೂ ಇದೆ. ಸಿಗರೇಟಿಗಿಂತ ಸ್ಟ್ರೆಸ್ ದೊಡ್ಡ ಖಳನಾದರೆ ಅವರಿಗೆ ಲಾಭ ತಾನೇ. 1982ರಲ್ಲಿ ಮಾಂಟ್ರಿಯಲ್‌ನಲ್ಲಿ ಸತ್ತ.

ಲೆಕ್ಕ ಕೇಳಿದ್ದು 2000ದಲ್ಲಿ, ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ ಮತ್ತು ಸಂಗಡಿಗರು. 1995ಕ್ಕೂ ಮುಂಚಿನ ಸ್ಟ್ರೆಸ್ ಪ್ರಯೋಗಗಳಲ್ಲಿ ಹೆಂಗಸರ ಪಾಲು ಸುಮಾರು 17 ಶೇಕಡಾ. ಕಾದಾಡು ಇಲ್ಲವೇ ಓಡು ಅನ್ನೋದರ ಜೊತೆಗೆ, ಮಕ್ಕಳನ್ನು ಕಾಪಾಡಿ ಗೆಳತಿಯರನ್ನು ಸೇರಿಸಿಕೊಳ್ಳುವ ಮೂರನೇ ದಾರಿಯೂ ಇದೆ ಅಂತ ಅವರ ವಾದ. ಇದನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದ್ತೀನಿ. ಹೆಂಗಸರ ಜಾಗ ತೊಟ್ಟಿಲ ಪಕ್ಕ ಅನ್ನೋರಿಗೆ ಇಂಥ ವಾದ ಸುಲಭದ ಅಸ್ತ್ರ. ಆದರೆ ಅಳತೆಗೆ ಸಿಕ್ಕಿರುವ ವ್ಯತ್ಯಾಸವನ್ನು ಅಲ್ಲಗಳೆಯೋಕಾಗಲ್ಲ. ಎಲ್ಲರೆದುರು ಭಾಷಣ ಮಾಡಿಸಿ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದಾಗ, ಹೆಂಗಸರಲ್ಲಿ ಅದರ ಏರಿಕೆ ಋತುಚಕ್ರದ ಯಾವ ಹಂತ, ಗರ್ಭನಿರೋಧಕ ಮಾತ್ರೆ ತಗೊಳ್ತಾರಾ ಅನ್ನೋದರ ಮೇಲೆ ಬದಲಾಗುತ್ತೆ. ಖಿನ್ನತೆಯಂತೂ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಇದರಲ್ಲಿ ಹಾರ್ಮೋನಿನ ಪಾಲೆಷ್ಟು, ಮನೆಗೆಲಸದ್ದೆಷ್ಟು, ಹಿಂಸೆಯದ್ದೆಷ್ಟು ಅಂತ ಬಿಡಿಸಬೇಕಾದರೂ ಮೊದಲು ಅವರನ್ನು ಅಳೆಯಬೇಕಲ್ಲ!

ಹೆಣ್ಣಿಲಿಯನ್ನು ಬಿಡೋಕೆ ಕೊಡ್ತಿದ್ದ ಕಾರಣ, ಅದರ ಋತುಚಕ್ರ ಡೇಟಾ ಕೆಡಿಸುತ್ತೆ ಅಂತ. 2014ರಲ್ಲಿ ಸುಮಾರು 300 ಪ್ರಬಂಧಗಳ ಅಂಕಿ ಒಟ್ಟು ಹಾಕಿ ನೋಡಿದರೆ, ಹೆಣ್ಣಿಲಿಗಳ ಡೇಟಾ ಗಂಡಿಲಿಗಳದ್ದಕ್ಕಿಂತ ಹೆಚ್ಚು ಏರುಪೇರಾಗಿರಲಿಲ್ಲ. ಪ್ರಾಣಿ ಪ್ರಯೋಗಗಳಲ್ಲೂ ಲಿಂಗವನ್ನು ಲೆಕ್ಕಕ್ಕೆ ತಗೊಳ್ಳಿ ಅನ್ನೋ ನಿಯಮ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಜಾರಿಗೆ ಬಂದದ್ದು 2016ರಲ್ಲಿ. ಸೆಲ್ಯೆ ಸತ್ತು ಆಗಲೇ 34 ವರ್ಷವಾಗಿತ್ತು.